ಎನೆಲೆಸಿ ಕುಣಿಯಲೊಲ್ಲೆ ಎಂದ ದಿನ

ಚಿಫುಂಡೊ ದಡದಲ್ಲಿ ಎನೆಲೆಸಿ ಚಿಸಾಲೆ ಎಂಬವಳು ಹಾಡು ಎತ್ತಿದಳೆಂದರೆ ಸರೋವರದ ಮೇಲಿನ ದೋಣಿಯವರು ಹುಟ್ಟು ಹಾಕುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಹೊಟ್ಟೆಪಾಡಿಗೆ ಅವಳು ಉಸಿಪಾ ಮೀನು ಒಣಗಿಸುವವಳು. ಬೆರಳುದ್ದದ ಆ ಬೆಳ್ಳಿ ಮೀನನ್ನು ಜೊಂಡಿನ ತಟ್ಟಿಯ ಮೇಲೆ ಹರವಿ, ಕಾಗೆ ಓಡಿಸಿ, ಒಣಗಿದ್ದನ್ನು ಬುಟ್ಟಿಗೆ ತುಂಬಿ ಪೇಟೆಯ ಲಾರಿಗೆ ಏರಿಸುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಆದರೆ ಸುತ್ತಣ ಊರುಗಳಲ್ಲಿ ಅವಳು ಹೆಸರುವಾಸಿಯಾದದ್ದು ಮೀನಿನಿಂದಲ್ಲ. ನೇರಳೆ ಪಕ್ಷದ ಹೆಂಗಸರ ಕುಣಿತದ ಮೇಳಕ್ಕೆ ಅವಳೇ ಮುಂದಾಳು. ಯಾವ ದೊಡ್ಡವರು ಬಂದರೂ ಫುಟ್‌ಬಾಲ್ ಬಯಲಿನಲ್ಲಿ ಮೊದಲು ಕೇಳುತ್ತಿದ್ದುದು ಅವಳ ದನಿ. ಬಂದವರ ಹೆಸರು, ಅವರಪ್ಪನ ಊರು, ಅವರು ಮಾಡಿದ ಮತ್ತು ಮಾಡದ ಪುಣ್ಯಕಾರ್ಯಗಳನ್ನೆಲ್ಲ ಸೇರಿಸಿ ನಿಂತ ನಿಲುವಿನಲ್ಲೇ ಹಾಡು ಕಟ್ಟುತ್ತಿದ್ದಳು.

ಇದಕ್ಕೆ ಸಿಗುತ್ತಿದ್ದ ಪ್ರತಿಫಲವೆಂದರೆ ಚುನಾವಣೆ ಬಂದಾಗಲೊಂದು ಸಕ್ಕರೆ ಪೊಟ್ಟಣ, ಲಾರಿಯ ಹಿಂದೆ ನಿಂತು ಧೂಳು ಕುಡಿಯುತ್ತ ಊರು ನೋಡುವ ಭಾಗ್ಯ, ಸೊಂಟಕ್ಕೆ ಸುತ್ತಿಕೊಳ್ಳಲು ಪಕ್ಷದ ನಾಯಕರ ಮುಖ ಅಚ್ಚುಹಾಕಿದ ನೇರಳೆ ಬಟ್ಟೆ.

"ಸುತ್ತಿಕೊಂಡ್ರೆ ನಾಯಕ್ರ ಮುಖ ಸರಿಯಾಗಿ ನಮ್ ಹಿಂದುಗಡೆಗೇ ಯಾಕೆ ಬರುತ್ತೆ ಹೇಳಿ?" ಎಂದು ಮೇಳದ ಡೋಲು ಬಾರಿಸುವ ಫಾಯ್ನೆಸ್ ಕೇಳುತ್ತಿದ್ದಳು. "ಅವ್ರಿಗೆ ಕುರ್ಚಿ ಬೇಕಲ್ಲ, ಅದೇ ಮೆತ್ತಗಿರ್ಲಿ ಅಂತ!" ಫಾಯ್ನೆಸ್ ಗಂಡ ಸತ್ತ ಮುದುಕಿ. ಅವಳ ನಾಲಗೆಗೆ ಊರಿನ ಮುಖ್ಯಸ್ಥನೂ ಹೆದರುತ್ತಿದ್ದ.

ಹೀಗೆ ನಗುತ್ತ ಕುಣಿಯುತ್ತ ಇಪ್ಪತ್ತು ವರ್ಷ ಕಳೆದಿತ್ತು. ನಗು ನಿಂತದ್ದು ಅಬಿಟಿ ಸೈದಿಯ ಕಾಲನ್ನು ಮೊಸಳೆ ಹಿಡಿದ ವರ್ಷ.

ಮೀನು ಒಣಗಿಸುವ ದಡದಲ್ಲಿ ಒಂದು ಶೌಚಾಲಯವಿರಲಿಲ್ಲ. ಗಂಡಸರು ಎಲ್ಲಿ ಬೇಕಾದರೂ ನಿಂತುಕೊಂಡಾರು. ಹೆಂಗಸರು ಜೊಂಡಿನ ಮರೆಗೇ ಹೋಗಬೇಕು, ಜೊಂಡಿನಲ್ಲಿ ಮೊಸಳೆ. ಮೇಳದಲ್ಲಿ ಎಲ್ಲರಿಗಿಂತ ಹಗುರವಾಗಿ ಕುಣಿಯುತ್ತಿದ್ದವಳು ಅಬಿಟಿ ಸೈದಿ. ಜೀವವೇನೋ ಉಳಿಯಿತು, ಹಿಮ್ಮಡಿ ಉಳಿಯಲಿಲ್ಲ. ಅವಳನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದ ಎನೆಲೆಸಿ ಸೀದಾ ವಾರ್ಡಿನ ಕೌನ್ಸಿಲರ್ ವೈಸನ್ ಮಲುಂಗಾನ ಅಂಗಳಕ್ಕೆ ಹೋಗಿ ನಿಂತಳು. ದಡದ ದೊಡ್ಡ ದೋಣಿಗಳೆಲ್ಲ ಅವನವು, ಮೀನಿಗೆ ಹಾಕುವ ಮಂಜುಗಡ್ಡೆಯೂ ಅವನದೇ. ಎನೆಲೆಸಿಯ ಗಂಡ ಲೈಫೋರ್ಡ್ ಅವನ ದೋಣಿಯಲ್ಲೇ ಬಲೆ ಎಳೆಯುತ್ತಿದ್ದ.

"ಯಜಮಾನ್ರೆ, ದಡದಲ್ಲಿ ಹೆಂಗಸ್ರಿಗೆ ಒಂದು ಶೌಚಾಲಯ ಕಟ್ಸಿ. ಮಳೆ ಬಂದ್ರೆ ಮೀನು ಮುಚ್ಚೋಕೆ ಒಂದು ಸೂರು. ಕೌನ್ಸಿಲ್‌ನಲ್ಲಿ ಒಂದ್ ಮಾತು ಕೇಳಿ."

ಮಲುಂಗಾ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ನಕ್ಕ. "ನೋಡಮ್ಮಾ, ನಿನ್ ಕೆಲ್ಸ ಕಾಲಲ್ಲಿ, ನನ್ ಕೆಲ್ಸ ತಲೇಲಿ. ಶುಕ್ರವಾರ ಮಂತ್ರಿಗಳು ಬರ್ತಾರೆ. ಒಂದೊಳ್ಳೆ ಹಾಡು ಕಟ್ಟು ಹೋಗು."

ಕಟ್ಟಿದಳು. ಕುಣಿದಳು ಕೂಡ. ಬಾಯಲ್ಲಿ ಮಂತ್ರಿಯ ಹೊಗಳಿಕೆ, ಎದೆಯಲ್ಲಿ ಅಬಿಟಿ ಸೈದಿಯ ಬ್ಯಾಂಡೇಜು. ಅಂದಿನಿಂದ ಕುಣಿತ ಅವಳಿಗೆ ರುಚಿಸದಾಯಿತು.

ಇಂಥ ಹೊತ್ತಿನಲ್ಲಿ ಪಕ್ಷದ ಜಿಲ್ಲಾಧ್ಯಕ್ಷ ಚಿಪೇಟಾನಿಂದ ಹೇಳಿಕೆ ಬಂತು. ಡೆನ್ಮಾರ್ಕ್ ದೇಶದ ಯಾವುದೋ ಪಕ್ಷ ನೇರಳೆ ಪಕ್ಷವನ್ನು ತಂಗಿಯೆಂದು ಕರೆದುಕೊಂಡಿತ್ತು. ಆ ಕಡೆಯ ಪಕ್ಷಗಳಿಗೆ ಹಾಗೊಂದು ರೂಢಿಯಿದೆ. ತಮ್ಮದೇ ಒಂದು ಪ್ರತಿಷ್ಠಾನ ಇಟ್ಟುಕೊಂಡು, ದೂರದೇಶದಲ್ಲಿ ತಮ್ಮಂಥದೇ ಪಕ್ಷವನ್ನು ಹುಡುಕಿ, ಪಕ್ಷ ನಡೆಸುವುದು ಹೇಗೆ, ಉಮೇದುವಾರರನ್ನು ಆರಿಸುವುದು ಹೇಗೆ ಎಂದು ಕೂತು ಮಾತಾಡುತ್ತಾರೆ. ಈ ಸಲ ಹೆಂಗಸರಿಗೆ ತರಬೇತಿಯಂತೆ, ಹೆಂಗಸರನ್ನೇ ಕಳಿಸಬೇಕಂತೆ. ಚಿಪೇಟಾ ತಲೆ ಕೆಡಿಸಿಕೊಳ್ಳಲಿಲ್ಲ, ಇಡೀ ಕುಣಿತದ ಮೇಳವನ್ನೇ ಲಾರಿಗೆ ಹತ್ತಿಸಿದ.

"ಬಿಳಿಯರಿಗೆ ಕುಣಿತ ಅಂದ್ರೆ ಪ್ರಾಣ," ಎಂದ. "ಕುಣೀರಿ, ಕೋಳಿ ಊಟ ಮಾಡಿ, ಬನ್ನಿ. ಬೇರೆ ಏನೂ ಮಾತಾಡೋಕೆ ಹೋಗ್ಬೇಡಿ."

ಪೇಟೆಯ ಶಿಕ್ಷಕರ ಭವನದಲ್ಲಿ ಅವರನ್ನು ಎದುರುಗೊಂಡವಳು ಗ್ರೆಟೆ ಎಂಬ ಅರವತ್ತರ ದಪ್ಪ ಹೆಂಗಸು. ಊರಲ್ಲಿ ಹಂದಿ ಸಾಕುವವಳು, ತನ್ನೂರಿನ ಕೌನ್ಸಿಲರ್ ಕೂಡ ಹೌದು. ಬಿಸಿಲಿಗೆ ಅವಳ ಮುಖ ಟೊಮೇಟೊ ಆಗಿತ್ತು. ಅವಳ ಮಾತನ್ನು ತಿಳಿಸಿ ಹೇಳಲು ಪ್ರತಿಷ್ಠಾನದ ಇಲ್ಲಿಯ ಕಚೇರಿಯ ತಡಾಲಾ ಎಂಬ ಹುಡುಗಿ ಇದ್ದಳು. ಮೇಳ ಸ್ವಾಗತದ ಕುಣಿತ ಕುಣಿಯಿತು. ಗ್ರೆಟೆಯೂ ಎದ್ದು ಕುಣಿದಳು. ಕೆಸರಿನಿಂದ ಬೂಟು ಕೀಳುವವಳ ಹಾಗಿತ್ತು ಅವಳ ಹೆಜ್ಜೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಹೆದರಿಕೆ ಹೋಯಿತು.

"ಹೋದ ಸಲ ನಿಮ್ ವಾರ್ಡಿಗೆ ಉಮೇದುವಾರನ್ನ ಯಾರು ಆರಿಸಿದ್ರು ಅಂತ ಕೇಳ್ತಿದಾರೆ," ಎಂದಳು ತಡಾಲಾ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಚಿಪೇಟಾ ಹೇಳಿದ್ರು, ನಾವು ಕುಣಿದ್ವಿ," ಎಂದಳು ಎನೆಲೆಸಿ.

"ಪಕ್ಷದ ಕಾನೂನೇನು? ಸದಸ್ಯರು ಆರಿಸ್ಬೇಕು ಅಂತ ಅಲ್ವಾ?"

"ಕಾನೂನು ಇದೆ. ಒಬ್ರೇ ನಿಂತ್ಕೊಂಡ್ರೆ ಆರಿಸೋದೇನು ಬಂತು?"

ಆಗ ಗ್ರೆಟೆ ತನ್ನ ಅಜ್ಜಿಯ ಕತೆ ಹೇಳಿದಳು. ಅವರ ಪಕ್ಷದಲ್ಲೂ ಒಂದು ಕಾಲಕ್ಕೆ ಗಂಡಸರು ಸಭೆ ಮಾಡಿದರೆ ಹೆಂಗಸರು ಕಾಫಿ ಮಾಡುತ್ತಿದ್ದರಂತೆ. ಒಂದು ಚಳಿಗಾಲದ ಸಭೆಯ ದಿನ ಅಜ್ಜಿ ಮತ್ತು ಅವಳ ಗೆಳತಿಯರು ಅಡಿಗೆಮನೆ ಬಿಟ್ಟು ಬಂದು ಸಭೆಯಲ್ಲಿ ಕೂತುಬಿಟ್ಟರಂತೆ. ಕಾಫಿಯಿಲ್ಲದೆ ಗಂಡಸರಿಗೆ ಜಗಳವಾಡಲೂ ತ್ರಾಣವಿರಲಿಲ್ಲವಂತೆ.

"ಕಾಫಿ ಇಲ್ದಿದ್ರೆ ನೀರು ಕುಡೀತಾರೆ, ಸಭೆ ನಡೆಯುತ್ತೆ," ಎಂದಳು ಫಾಯ್ನೆಸ್. "ನಾವು ಕುಣೀದಿದ್ರೆ ನಮ್ಮೋರು ಏನ್ ಮಾಡ್ತಾರೆ? ಇವ್ರ ಭಾಷಣ ಕೇಳೋಕೆ ಯಾರಾದ್ರೂ ಬರ್ತಾರಾ?"

ಎಲ್ಲರೂ ಮತ್ತೆ ನಕ್ಕರು. ನಗು ಇಳಿದ ಮೇಲೆ ಪ್ರತಿಯೊಬ್ಬಳೂ ಫುಟ್‌ಬಾಲ್ ಬಯಲನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಭಾಷಣದ ಅಭ್ಯಾಸ. ಓಟು ಕೇಳುವವಳ ಹಾಗೆ ಎದ್ದು ನಿಂತು ಮಾತಾಡಬೇಕು. ಎನೆಲೆಸಿ ಎದ್ದಳು, ಬಾಯಿ ತೆರೆದರೆ ಬಂದದ್ದು ಅದೇ ರೂಢಿಯ ಹೊಗಳಿಕೆ. ಗ್ರೆಟೆ ಕೈಯೆತ್ತಿ ತಡೆದಳು. "ಇಷ್ಟು ಹೊತ್ತೂ ಅವರ ಹೆಸರೇ ಹೇಳಿದ್ರಿ. ನಿಮ್ ಹೆಸರು ಒಂದ್ಸಲನೂ ಬರ್ಲಿಲ್ಲ." ಎನೆಲೆಸಿ ನಾಚಿ ಕೂತುಬಿಟ್ಟಳು. ಮತ್ತೆ ನಿಂತಳು. ಈ ಸಲ ಅಬಿಟಿ ಸೈದಿಯ ಕಾಲಿನ ಕತೆ ಹೇಳಿದಳು. ಜೊಂಡು, ಮೊಸಳೆ, ಮಲುಂಗಾನ ಹಲ್ಲುಕಡ್ಡಿ ಎಲ್ಲವನ್ನೂ ಹೇಳಿದಳು. "ನಾನು ಎನೆಲೆಸಿ ಚಿಸಾಲೆ. ದಡದಲ್ಲಿ ಶೌಚಾಲಯ ಕಟ್ಟಿಸ್ತೀನಿ, ಸೂರು ಹಾಕಿಸ್ತೀನಿ. ಅದಾದ್ಮೇಲೆ ಬೇರೆ ಮಾತು," ಎಂದು ಮುಗಿಸಿದಾಗ ಅಡಿಗೆಯವರೂ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

ಹೊರಡುವಾಗ ಅವಳು ಗ್ರೆಟೆಯ ಕೈ ಹಿಡಿದುಕೊಂಡಳು. "ನೀವೇ ಚಿಪೇಟಾಗೆ ಒಂದ್ ಮಾತು ಹೇಳಿ ಅಮ್ಮಾ. ನೀವು ಹೇಳಿದ್ರೆ ಕೇಳ್ತಾರೆ."

ಗ್ರೆಟೆ ಆಗದೆಂದು ತಲೆಯಾಡಿಸಿದಳು. ಅವಳ ಉತ್ತರವನ್ನು ತಡಾಲಾ ನಿಧಾನವಾಗಿ ತಿಳಿಸಿದಳು. "ಯಾರನ್ನ ನಿಲ್ಲಿಸ್ಬೇಕು ಅಂತ ನಾವು ಹೇಳೋ ಹಾಗಿಲ್ಲ, ಯಾರಿಗೂ ದುಡ್ಡು ಕೊಡೋ ಹಾಗೂ ಇಲ್ಲ. ಅಷ್ಟೇ ಅಲ್ಲ. ನಾನು ಹೇಳಿ ಆದದ್ದು ನಾನು ವಿಮಾನ ಹತ್ತಿದ ದಿನ ನನ್ನ ಜೊತೆಗೇ ಹೊರಟುಹೋಗುತ್ತೆ. ನೀವು ಹೇಳಿ ಆದದ್ದು ಇಲ್ಲೇ ಉಳಿಯುತ್ತೆ."

ಎನೆಲೆಸಿಗೆ ಆಗ ಸ್ವಲ್ಪ ಸಿಟ್ಟೇ ಬಂತು. ಕೋಳಿ ತಿನ್ನಿಸಿ ಕೈ ಬಿಟ್ಟಳಲ್ಲ ಎಂದುಕೊಂಡಳು. ಲಾರಿ ಅರ್ಧ ದಾರಿ ಸಾಗುವಷ್ಟರಲ್ಲಿ ಆ ಮಾತು ಅವಳಿಗೆ ಹಿಡಿಸಿತ್ತು.

ಉಮೇದುವಾರರನ್ನು ಘೋಷಿಸುವ ದಿನ ಬಂತು. ಚಿಪೇಟಾಗಿಂತ ಮೇಲಿನವನು, ವಲಯದ ಅಧ್ಯಕ್ಷ ಮುದುಕ ಜೆರೆ ರಾಜಧಾನಿಯಿಂದ ಬಂದಿದ್ದ. ಮಲುಂಗಾ ಹೊಸ ಕೋಟು ತೊಟ್ಟು ಅವನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದ. ಮೇಳ ನೇರಳೆ ಬಟ್ಟೆ ಉಟ್ಟು, ಡೋಲು ಹೊತ್ತುಕೊಂಡು ಬಂತು. ಬಂದು ವೇದಿಕೆಯ ಮುಂದೆ ಸಾಲಾಗಿ ನೆಲದ ಮೇಲೆ ಕೂತಿತು. ಊರುಗೋಲು ಹಿಡಿದು ಬಂದ ಅಬಿಟಿ ಸೈದಿಯೂ ಮುಂದಿನ ಸಾಲಿನಲ್ಲಿ ಕೂತಳು.

ಚಿಪೇಟಾ ಮೈಕು ಹಿಡಿದ. "ಅಮ್ಮಂದಿರೇ, ಡೋಲು!"

ಫಾಯ್ನೆಸ್ ಡೋಲನ್ನು ಬೋರಲು ಹಾಕಿ ಅದರ ಮೇಲೆ ಕೂತುಕೊಂಡಳು.

"ಅಮ್ಮಂದಿರೇ! ಡೋಲು, ಡೋಲು!"

ಬಯಲಿನಲ್ಲಿ ಒಂದು ಮೇಕೆ ಅರಚಿತು, ಅಷ್ಟೇ. ಧ್ವನಿವರ್ಧಕ ಕುಯ್ ಎಂದಿತು. ಕುಣಿತ ನೋಡಲು ಬಂದಿದ್ದ ಜನ ಕತ್ತು ಉದ್ದ ಮಾಡಿದರು. ಚಿಪೇಟಾ ಮೈಕು ಬಿಟ್ಟು ಓಡಿ ಬಂದ. "ಏನಾಯ್ತು? ಯಾರಾದ್ರೂ ತೀರಿಕೊಂಡ್ರಾ?"

"ಯಾರೂ ತೀರಿಕೊಂಡಿಲ್ಲ," ಎನೆಲೆಸಿ ಕೂತಲ್ಲಿಂದಲೇ ಹೇಳಿದಳು. ಇಪ್ಪತ್ತು ವರ್ಷ ಹಾಡಿದ ಗಂಟಲು ಅದು, ಮೈಕು ಬೇಕಾಗಲಿಲ್ಲ. "ಕಾಲೂ ಚೆನ್ನಾಗಿವೆ, ಮೊಸಳೆ ತಿಂದದ್ದೊಂದು ಬಿಟ್ಟು. ನಾವು ಆರಿಸಿದೋರಿಗೆ ನಾವು ಕುಣೀತೀವಿ. ನಾವು ಇನ್ನೂ ಯಾರನ್ನೂ ಆರಿಸಿಲ್ಲ."

ಮಲುಂಗಾ ಎದ್ದು ನಿಂತ. "ಇದೆಲ್ಲ ಬಿಳಿಯರ ಪಾಠ! ಇವ್ರನ್ನ ಕೊಂಡ್ಕೊಂಡಿದಾರೆ!"

"ಅನ್ನ, ಕೋಳಿ ಕೊಟ್ರು, ತಿಂದ್ವಿ," ಎಂದಳು ಎನೆಲೆಸಿ. "ಹೋದ ವರ್ಷ ಅದೇ ಬಿಳಿಯರ ತರಬೇತಿಗೆ ನೀವೂ ಹೋಗಿದ್ರಲ್ಲ ಯಜಮಾನ್ರೆ. ನಿಮ್ ತಟ್ಟೇಲಿ ಎರಡು ತೊಡೆ ಇತ್ತಂತೆ. ನೀವು ಎಷ್ಟಕ್ಕೆ ಮಾರಿಕೊಂಡ್ರಿ?"

ಬಯಲು ಹೋ ಎಂದಿತು. ಮಲುಂಗಾ ತನ್ನ ದೋಣಿಯ ಆಳುಗಳಿಗೆ ಕೈಸನ್ನೆ ಮಾಡಿದ. ಅವರು ನಾಚಿಕೊಂಡು ಮುಂದೆ ಬಂದು ಕುಣಿಯತೊಡಗಿದರು. ಬಲೆ ಎಳೆಯುವ ಮೈಗಳು ಕುಣಿದರೆ ಹೇಗಿರುತ್ತದೆ? ಒಬ್ಬ ಎಡಕ್ಕೆ ಹೋದರೆ ಇನ್ನೊಬ್ಬ ಬಲಕ್ಕೆ. ನಡುವಿನವನು ಸೊಂಟ ತಿರುಗಿಸಲು ಹೋಗಿ ಮುಗ್ಗರಿಸಿದ. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ವೇದಿಕೆಯ ಮೇಲೆ ಮುದುಕ ಜೆರೆಗೂ ನಗು ತಡೆಯಲಾಗಲಿಲ್ಲ. ಅವನು ಹಳೆಯ ಹುಲಿ. ಇಂಥ ನಗುವಿನಲ್ಲಿ ಎಷ್ಟು ಓಟು ಕೊಚ್ಚಿಹೋಗುತ್ತದೆಂದು ಬಲ್ಲವನು. ಕಣ್ಣೊರೆಸಿಕೊಂಡು ಮೈಕು ತೆಗೆದುಕೊಂಡ.

"ಶನಿವಾರ ಇದೇ ಬಯಲಲ್ಲಿ ಆಯ್ಕೆ. ನಿಲ್ಲೋರು ನಿಲ್ಲಿ, ಸದಸ್ಯರು ಅವರವರ ಹಿಂದೆ ಸಾಲು ನಿಲ್ಲಿ. ನಾನೇ ಬಂದು ನೋಡ್ತೀನಿ. ನಿಲ್ಲೋಳು ಯಾರಮ್ಮ, ನೀನೇನಾ?"

ಎನೆಲೆಸಿ ಈಗ ಎದ್ದು ನಿಂತಳು. "ನಾನೇ. ಎನೆಲೆಸಿ ಚಿಸಾಲೆ."

ಹೆಂಗಸರು ನಾಲಗೆ ಹೊರಳಿಸಿ ಎಬ್ಬಿಸಿದ ಕೇಕೆ ಸರೋವರದ ಮೇಲೆ ಹರಿಯಿತು.

ಮಲುಂಗಾ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನವೇ ದೋಣಿಯವರಿಗೆಲ್ಲ ಹೇಳಿಕೆ ಹೋಯಿತು: ಶನಿವಾರ ಯಾರು ಎಲ್ಲಿ ನಿಲ್ಲುತ್ತಾರೆಂದು ನೋಡಿಕೊಳ್ಳುತ್ತೇನೆ. ಲೈಫೋರ್ಡ್ ನ್ಸಿಮಾ ಮುದ್ದೆಯನ್ನು ಬೆರಳಲ್ಲಿ ಉರುಳಿಸುತ್ತ ಕೂತ, ಬಾಯಿಗೆ ಇಡಲಿಲ್ಲ.

"ನಿನ್ ಹಿಂದೆ ನಿಂತ್ರೆ ದೋಣಿ ಹೋಗುತ್ತೆ. ಅವನ್ ಹಿಂದೆ ನಿಂತ್ರೆ ಮಾನ ಹೋಗುತ್ತೆ," ಎಂದ.

"ಅವನ್ ಹಿಂದೆ ನಿಂತ್ಕೋ," ಎಂದಳು ಎನೆಲೆಸಿ.

"ಹೆಂಡ್ತಿ ವಿರುದ್ಧ ನಿಂತ ಗಂಡ ಅಂತ ಊರೆಲ್ಲ ಆಡ್ಕೊಳ್ಳುತ್ತೆ ಕಣೇ!"

"ಆಡ್ಕೊಳ್ಳಲಿ. ಮಕ್ಳ ಹೊಟ್ಟೆ ತುಂಬಬೇಕಲ್ಲ. ನಿನ್ ಮನಸ್ಸು ಎಲ್ಲಿ ನಿಂತಿದೆ ಅಂತ ನಂಗೊತ್ತು. ಊಟ ಮಾಡು ಈಗ."

ಶನಿವಾರ ಬಯಲು ತುಂಬಿತ್ತು. ಒಂದು ಕಡೆ ಮಲುಂಗಾ, ಇನ್ನೊಂದು ಕಡೆ ಎನೆಲೆಸಿ. ಇಬ್ಬರೂ ಜನರಿಗೆ ಬೆನ್ನು ಹಾಕಿ ನಿಲ್ಲಬೇಕು, ತಿರುಗಿ ನೋಡುವ ಹಾಗಿಲ್ಲ. ಅವಳ ಹಿಂದೆ ಕಾಲಸಪ್ಪಳ ಕೇಳುತ್ತಿತ್ತು. ಯಾರ ಕಡೆಯದೆಂದು ತಿಳಿಯುವಂತಿರಲಿಲ್ಲ. ಒಂದೇ ಒಂದು ಸದ್ದು ಮಾತ್ರ ಗುರುತು ಸಿಕ್ಕಿತು: ಊರುಗೋಲಿನ ಟಕ್ ಟಕ್ ಬಂದು ಅವಳ ಬೆನ್ನ ಹಿಂದೆಯೇ ನಿಂತಿತು. "ನಾನೇ ಮೊದ್ಲು," ಎಂದಳು ಅಬಿಟಿ ಸೈದಿ. "ಹಿಂದೆ ಇರೋರು ತಳ್ಳಿದ್ರೆ ನೀನು ಹಿಡ್ಕೋಬೇಕು, ಅಷ್ಟೆ."

ಎದುರು ಬದಿಯಲ್ಲಿ ಲೈಫೋರ್ಡ್ ಮಲುಂಗಾನ ಸಾಲಿಗೆ ಸೇರಿದಾಗ ಜನ ಕೇಕೆ ಹಾಕಿದರು. "ಇವತ್ತು ಮನೇಲಿ ಊಟ ಸಿಗುತ್ತೇನೋ?" ಎಂದು ಯಾರೋ ಕೂಗಿದರು. ಅವನು ತಲೆ ತಗ್ಗಿಸಿ ನಿಂತಿದ್ದ.

ಜೆರೆ ತಿರುಗಬಹುದು ಎಂದಾಗ ಎನೆಲೆಸಿ ತಿರುಗಿದಳು. ಮಲುಂಗಾನ ಸಾಲು ಗೋಲಿನ ಕಂಬದ ಹತ್ತಿರ ಮುಗಿದಿತ್ತು. ಅವಳದು ಬಯಲು ದಾಟಿ, ದೊಡ್ಡ ಬಾವೊಬಾಬ್ ಮರವನ್ನು ಬಳಸಿ, ಶಾಲೆಯ ಕಡೆಗೆ ಬಾಗಿ ಹೋಗಿತ್ತು, ಬಾಲ ಕಾಣಿಸುತ್ತಿರಲಿಲ್ಲ. ಮೀನು ಒಣಗಿಸುವವರು, ಬುಟ್ಟಿ ಹೆಣೆಯುವವರು, ಬೆನ್ನಿಗೆ ಕೂಸು ಕಟ್ಟಿಕೊಂಡವರು, ಮಸೀದಿಯ ಮುದುಕರು, ಸೈಕಲ್ ಬಾಡಿಗೆಯವರು ಎಲ್ಲ ಇದ್ದರು. ಅವಳ ಕಣ್ಣು ಮಂಜಾಯಿತು. ಅಷ್ಟು ಜನ ಅವಳ ಮುಂದೆ ನೆರೆದದ್ದನ್ನು ಎಷ್ಟೋ ಸಲ ನೋಡಿದ್ದಳು. ಬೆನ್ನ ಹಿಂದೆ ನಿಂತದ್ದನ್ನು ಕಂಡದ್ದು ಇದೇ ಮೊದಲು.

"ಎಣಿಸೋದು ಬೇಡ," ಎಂದ ಜೆರೆ. "ನಂಗೆ ಕಣ್ಣು ಇನ್ನೂ ಕಾಣುತ್ತೆ."

ಫಾಯ್ನೆಸ್ ಡೋಲಿಗೆ ಕೈ ಹಾಕಿದಳು. ಆಗ ಕುಣಿದರು ನೋಡಿ! ಧೂಳು ಎದ್ದು ಸೂರ್ಯ ಮಸುಕಾದ. ಚಿಪೇಟಾನೂ ಗಾಳಿ ಬೀಸಿದ ಕಡೆ ತೂರಿಕೊಳ್ಳುವವನು, ಕೋಟು ಬಿಚ್ಚಿ ಕುಣಿದ.

ಚುನಾವಣೆಯಲ್ಲಿ ಮಲುಂಗಾ ಪಕ್ಷ ಬಿಟ್ಟು ಸ್ವತಂತ್ರನಾಗಿ ನಿಂತ. ದೋಣಿಯವರನ್ನೆಲ್ಲ ತನ್ನ ಲಾರಿಯಲ್ಲೇ ಮತಗಟ್ಟೆಗೆ ಕರೆತಂದ. ಆದರೆ ಅಲ್ಲಿ ಸಾಲು ನಿಲ್ಲುವುದು ಪೆಟ್ಟಿಗೆಯ ಮುಂದೆ, ಗುರುತು ಹಾಕುವುದು ಪರದೆಯ ಹಿಂದೆ. ಲೈಫೋರ್ಡ್ ಹೊರಗೆ ಬರುವಾಗ ಮಲುಂಗಾನಿಗೆ ಬಗ್ಗಿ ನಮಸ್ಕಾರ ಮಾಡಿದ. ಮನೆಗೆ ಬಂದವನೇ ಹೆಂಡತಿಯ ಮುಂದೆ ಶಾಯಿ ಬೆರಳನ್ನು ಎತ್ತಿ ಹಿಡಿದು ಹುಡುಗನ ಹಾಗೆ ನಕ್ಕ. "ಪರದೆ ಅಂದ್ರೆ ಏನಂತ ಇವತ್ತು ಗೊತ್ತಾಯ್ತು ಕಣೇ. ಅದರ ಹಿಂದೆ ನಾನು ಮಲುಂಗಾಗಿಂತ ದೊಡ್ಡೋನು!" ಮಲುಂಗಾನ ದೋಣಿಗಳು ಬೀಡುಬಿಡುವ ದಡದ ಮತಗಟ್ಟೆಯಲ್ಲೇ ಅವನಿಗೆ ಎಲ್ಲಕ್ಕಿಂತ ಕಡಿಮೆ ಓಟು ಬಿದ್ದಿತ್ತು. ಎನೆಲೆಸಿ ಗೆದ್ದಳು; ಸಣ್ಣ ಗೆಲುವಲ್ಲ, ಠೇವಣಿ ಹೋದ ಮಲುಂಗಾ ಒಂದು ವಾರ ಅಂಗಳಕ್ಕೇ ಬರಲಿಲ್ಲ.

ಜಿಲ್ಲಾ ಕೌನ್ಸಿಲ್‌ನಲ್ಲಿ ಅವಳ ಮೊದಲ ಸಭೆಯನ್ನು ಅಲ್ಲಿದ್ದವರು ಇನ್ನೂ ಮರೆತಿಲ್ಲ. ಅಧಿಕಾರಿ ಇಂಗ್ಲಿಷಿನಲ್ಲಿ ಓದುತ್ತ ಹೋದ. ಎನೆಲೆಸಿ ಕೈಯೆತ್ತಿ, "ಸ್ವಾಮೀ, ನಂಗೆ ಅರ್ಥವಾಗ್ಲಿಲ್ಲ, ನಮ್ ಮಾತಲ್ಲಿ ಹೇಳಿ," ಎಂದಳು. ಸುತ್ತ ಕೂತಿದ್ದ ಗಂಡಸರು ಮುಸಿಮುಸಿ ನಕ್ಕರು. ಅಧಿಕಾರಿ ಚಿಚೇವಾದಲ್ಲಿ ಮತ್ತೊಮ್ಮೆ ಹೇಳಿದಾಗ ನಕ್ಕವರಲ್ಲೂ ಹಲವರು ಮೊದಲ ಸಲ ಅರ್ಥವಾದವರಂತೆ ಮುಂದೆ ಬಾಗಿದರು. ಶೌಚಾಲಯದ ಮಾತು ಬಂದಾಗ ಮುಂದಿನ ವರ್ಷ ನೋಡೋಣ ಎಂದರು. ಅವಳು ಹೊರಗೆ ಹೋಗಿ ಅಬಿಟಿ ಸೈದಿಯನ್ನು ಕೈಹಿಡಿದು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು. "ಮುಂದಿನ ವರ್ಷದವರೆಗೂ ಕಾಯೋಕೆ ಮೊಸಳೆ ಒಪ್ಪುತ್ತಾ, ಇವಳನ್ನ ಕೇಳಿ." ಆ ಮಳೆಗಾಲಕ್ಕೆ ಮುಂಚೆಯೇ ದಡದಲ್ಲಿ ಇಟ್ಟಿಗೆಯ ಗೋಡೆ ಎದ್ದಿತು, ಅದರ ಪಕ್ಕ ತಗಡಿನ ಸೂರೂ ಬಂತು. ಪಕ್ಷದೊಳಗಿನ ಆಯ್ಕೆಗೆ ಇನ್ನು ಮೇಲೆ ಸಾಲು ಬೇಡ, ಪೆಟ್ಟಿಗೆಯೂ ಪರದೆಯೂ ಬೇಕು ಎಂದು ಅವಳು ಹಿಡಿದ ಹಟಕ್ಕೆ ಜೆರೆ ಕೊನೆಗೂ ತಲೆದೂಗಿದ. ಆ ಹಟ ಹಿಡಿಯುವಾಗ ಅವಳು ಗಂಡನ ಹೆಸರು ಹೇಳಲಿಲ್ಲ, ಕೇಳಿದವರೆಲ್ಲರಿಗೂ ಗೊತ್ತಿತ್ತು.

ಸೂರಿಗೆ ತಗಡು ಹೊದಿಸುತ್ತಿದ್ದ ದಿನ ತಡಾಲಾಳ ಫೋನು ಬಂತು. ದನಿ ಸಪ್ಪೆಯಿತ್ತು. "ಅಕ್ಕಾ, ಗ್ರೆಟೆ ಅಮ್ಮ ಅವರೂರಲ್ಲಿ ಚುನಾವಣೆ ಸೋತುಹೋದ್ರು. ನಿಮ್ ಜೊತೆ ಮಾತಾಡ್ಬೇಕಂತೆ, ಇಲ್ಲೇ ಇನ್ನೊಂದು ಫೋನಿನಲ್ಲಿದಾರೆ."

ಎನೆಲೆಸಿ ಹಿಡಿದಿದ್ದ ಏಣಿಯನ್ನು ಫಾಯ್ನೆಸ್‌ಗೆ ಒಪ್ಪಿಸಿ ಈಚೆ ಬಂದಳು. ಆಚೆ ಕಡೆಯಿಂದ ಮೂಗೆಳೆದುಕೊಂಡ ಸದ್ದು ಬಂತು.

"ಯಾಕೆ ಸೋತ್ರಂತೆ?"

"ಯಾರೋ ಹೊಸ ಹುಡುಗ ನಿಂತಿದ್ನಂತೆ. ಇವ್ರು ಗೆದ್ದೇ ಗೆಲ್ತೀನಿ ಅಂತ ಈ ಸಲ ಮನೆಮನೆಗೆ ಹೋಗ್ಲಿಲ್ಲವಂತೆ."

"ಅಯ್ಯೋ ನಮ್ಮಮ್ಮಾ!" ಎಂದಳು ಎನೆಲೆಸಿ. "ಹಂದಿಗೆ ದಿನಾ ಮೇವು ಹಾಕ್ತಾರೆ, ಓಟು ಹಾಕೋರ ಮುಖ ನೋಡೋಕಾಗಲ್ವಂತಾ? ಹೇಳು ಅವ್ರಿಗೆ, ಬ್ಯಾಗು ಕಟ್ಕೊಂಡು ಬರ್ಲಿ ಇಲ್ಲಿಗೆ. ತರಬೇತಿ ನಾನು ಕೊಡ್ತೀನಿ. ಕೋಳಿ ಊಟಾನೂ ನಂದೇ."

ತಡಾಲಾ ಹೇಳಿದಳು. ದೂರದ ಆ ಚಳಿದೇಶದಿಂದ ಗಹಗಹಿಸುವ ನಗು ಬಂತು. ಎನೆಲೆಸಿಯೂ ನಕ್ಕಳು, ಏಣಿಯ ಮೇಲಿದ್ದ ಕೆಲಸದವರು ಏನೆಂದು ತಿಳಿಯದೆ ತಾವೂ ನಕ್ಕರು. ಫೋನು ಸೊಂಟದ ಬಟ್ಟೆಗೆ ಸಿಕ್ಕಿಸಿಕೊಂಡು ಅವಳು ಮೇಲೆ ನೋಡಿ ಕೂಗಿದಳು, "ಆ ಮೂಲೇಗೆ ಇನ್ನೊಂದು ಮೊಳೆ ಹೊಡೀರೋ, ಗಾಳಿ ಜೋರು ಇಲ್ಲಿ!"